ನರಸಕ್ಕ ಕೊಂಡ ಸವುಳು ಬಾವಿ

ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿಯ ಅಜ್ಜಿ ಇನ್ನೂ ಅಂಬೆಗಾಲಿಡ್ತಿದ್ದ ಕಾಲದಲ್ಲಿ, ಒಂದು ಊರಲ್ಲಿ ನರಸಕ್ಕ ಅಂತ ಒಬ್ಬಳು ಇದ್ದಳಂತೆ. ಕಾಲು ಒದೀಬೇಡ, ದುಪ್ಪಟಿ ಹೊದ್ಕೊಂಡು ಕೇಳು ಕೂಸೇ. ಆ ನರಸಕ್ಕ ತೊವ್ವೆ ಮಾಡಿದ್ರೆ ಇಂಗಿನ ಒಗ್ಗರಣೆ ಮೂರು ಬೀದಿ ಆಚೆಗೂ ಘಮ್ಮಂತ ಹೋಗಿ, ಉಂಡು ಕೈ ತೊಳೆದವರಿಗೂ ಮತ್ತೆ ಹಸಿವಾಗ್ತಿತ್ತಂತೆ. ಪಾಪ, ಗಂಡ ತೀರಿಕೊಂಡಿದ್ದ, ಮಕ್ಕಳಿಲ್ಲ, ಅವಳಿಗೆ ಅಂತ ಇದ್ದದ್ದು ಎರಡು ಪಟ್ಟೆ ರಾಗಿ ಹೊಲ, ಒಂದು ಎಮ್ಮೆ. ಎಮ್ಮೆ ಹೆಸರು ಕಾಡಿಗೆ. ಹೌದು, ಕಣ್ಣಿಗೆ ಹಚ್ಚೋ ಕಾಡಿಗೇನೇ, ಅಷ್ಟು ಕಪ್ಪಗಿತ್ತಂತೆ. ಅದು ಹುಟ್ಟಿದ ದಿನಾನೇ ತಾಯಿ ಸತ್ತು, ನರಸಕ್ಕನೇ ಬಟ್ಟೆ ಅದ್ದಿ ಹಾಲು ಚೀಪಿಸಿ ಸಾಕಿದ್ದಳಂತೆ. ಈಗ ಅದೇ ಕಾಡಿಗೆ ಚೊಚ್ಚಲ ಗಬ್ಬ.

ಆಮೇಲೆ ಏನಾಯ್ತು ಅಂದ್ರೆ, ನರಸಕ್ಕನಿಗೆ ಒಂದು ಆಸೆ ಹುಟ್ಟಿತಂತೆ. ಸಂತೆಗೆ ಹೋಗೋ ಗಾಡಿಗಳೆಲ್ಲ ಊರಾಚೆ ದಾರೀಲಿ ಸಾಲಾಗಿ ಹೋಗ್ತವೆ, ಗಾಡಿಯವರು ಒಣ ರೊಟ್ಟಿ ಗಂಟಲಿಗೆ ಸಿಕ್ಕಿಸ್ಕೊಂಡು ಕೆಮ್ತಾ ಹೋಗ್ತಾರೆ, ಅಲ್ಲೊಂದು ಊಟದ ಮನೆ ಇಟ್ಟರೆ ಅವರ ಹೊಟ್ಟೇನೂ ತುಂಬುತ್ತೆ, ನನ್ನ ಬದುಕೂ ನಡೆಯುತ್ತೆ ಅಂತ. ಆ ದಾರೀಲಿ ಹುಚ್ಚೀರಪ್ಪ ಅನ್ನೋನದ್ದು ಒಂದು ಹೆಂಚಿನ ಮನೆ, ಹಿತ್ತಿಲಲ್ಲಿ ಬೇಲಿ ಕಟ್ಟಿದ ಒಂದು ಬಾವಿ ಇತ್ತಂತೆ. ಹುಚ್ಚೀರಪ್ಪನ ಮಾತು ಬಲು ನಯ. ಅಯ್ಯೋ ನರಸಕ್ಕ, ಈ ಬಾವಿ ನೀರು ಅಂದ್ರೆ ಎಳನೀರು, ನಾನು ನನ್ನ ಮಕ್ಕಳು ಎಲ್ಲ ಇದನ್ನೇ ಕುಡಿದು ಬೆಳೆದದ್ದು, ಬೇಳೆ ಹಾಕಿ ಹಿಂದೆ ತಿರುಗೋದ್ರೊಳಗೆ ಬೆಂದಿರುತ್ತೆ, ಹೊಲ, ಎಮ್ಮೆ ನಂಗೆ ಕೊಡು, ಮನೆ, ಬಾವಿ ನಿಂಗೆ ಅಂದನಂತೆ. ನರಸಕ್ಕ, ಅಣ್ಣಾ, ಹೊಲ ತಗೋ, ಎಮ್ಮೆ ಬೇಡ ಅಂತ ಮೂರು ಸಲ ಕೇಳಿಕೊಂಡಳಂತೆ. ಅವನು ಮೂರು ಸಲವೂ ನಗುನಗ್ತಾನೇ ಒಲ್ಲೆ ಅಂದನಂತೆ.

ಸರಿ, ನೋಡಿ ಬರೋಣ ಅಂತ ಊರಿನ ಮೂರು ಜನ ಹಿರೀಕರನ್ನ ಕರ್ಕೊಂಡು ಸುಡುಸುಡು ಬಿಸಿಲಲ್ಲಿ ಹೋದಳಂತೆ. ಹುಚ್ಚೀರಪ್ಪ ಚಾಪೆ ಹಾಸಿ, ಬನ್ನಿ ಬನ್ನಿ ಅಂತ ಕೂರಿಸಿ, ಒಬ್ಬೊಬ್ಬರ ಅಂಗೈಗೂ ನಿಂಬೆಹಣ್ಣಿನ ಗಾತ್ರದ ಬೆಲ್ಲದ ಉಂಡೆ ಇಟ್ಟನಂತೆ. ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ, ಆಮೇಲೆ ನೀರು, ಅದು ನಮ್ಮ ಕಡೆ ಪದ್ಧತಿ ತಾನೇ, ಬೇಡ ಅಂದ್ರೆ ಮನೆಯವರಿಗೆ ಅವಮಾನ. ಎಲ್ಲರೂ ಬೆಲ್ಲ ಮೆದ್ದರಂತೆ. ಆಮೇಲೆ ಅವನು ಎಲ್ಲರ ಕಣ್ಣೆದುರಿಗೇ ಬಾವಿಗೆ ಹಗ್ಗ ಬಿಟ್ಟು ನೀರು ಸೇದಿ, ಚೊಂಬು ತುಂಬಿ ಕೊಟ್ಟು, ತಾನೂ ಒಂದು ಚೂರು ಬೆಲ್ಲ ಬಾಯಿಗೆ ಹಾಕ್ಕೊಂಡು ಕುಡಿದನಂತೆ. ನರಸಕ್ಕ ಗಟಗಟ ಕುಡಿದು, ಆಹಾ, ಎಂಥಾ ಸಿಹಿ ನೀರು ಅಂದುಬಿಟ್ಟಳಂತೆ. ಹಿರೀಕರೂ ಹೌದು ಹೌದು ಅಂದರಂತೆ. ಆಮೇಲೆ ವೀಳ್ಯ ಬದಲಾಯಿಸಿಕೊಂಡರು, ವ್ಯಾಪಾರ ಆಗಿಹೋಯ್ತು. ಕಾಡಿಗೆ ಮಾತ್ರ ಹುಚ್ಚೀರಪ್ಪನ ಹಿಂದೆ ಹೋಗ್ತಾ ಹೋಗ್ತಾ ತಿರುಗಿ ತಿರುಗಿ ನೋಡ್ತಿತ್ತಂತೆ.

ಮಾರನೇ ದಿನ ನರಸಕ್ಕ ಒಲೆ ಪೂಜೆ ಮಾಡಿ, ದೊಡ್ಡ ಗಡಿಗೇಲಿ ಬೇಳೆ ಬೇಯೋಕೆ ಇಟ್ಟಳಂತೆ. ಕುದೀತು, ಕುದೀತು, ಸೌದೆ ಒಂದು ಹೊರೆ ಉರಿದುಹೋಯ್ತು, ಬೇಳೆ ಮಾತ್ರ ಮೆತ್ತಗಾಗ್ಲಿಲ್ಲವಂತೆ. ಮಧ್ಯಾಹ್ನ ಗಾಡಿಯವರು ಬಂದು ಎಲೆ ಮುಂದೆ ಕೂತರು, ಕಾದರು. ಕೊನೆಗೆ ಅವರಲ್ಲೊಬ್ಬ ಒಂದು ಬೇಳೆ ಕಡಿದು ನೋಡಿ, ಅಕ್ಕಾ, ನನ್ನ ಎತ್ತಿಗಾದ್ರೂ ಹಾಕು, ಅದಕ್ಕೆ ಹಲ್ಲು ಗಟ್ಟಿ ಅಂತ ನಗ್ತಾ ಎದ್ದುಹೋದನಂತೆ. ನರಸಕ್ಕ ಮುಖ ತೊಳೆಯೋಕೆ ಅಂತ ಬಾವಿಗೆ ಹೋಗಿ ಬೊಗಸೇಲಿ ನೀರು ತಗೊಂಡು ಬಾಯಿಗೂ ಹಾಕಿದಳಂತೆ. ಥೂ! ಸವುಳು ನೀರು ಕಣೇ, ಉಪ್ಪುಪ್ಪು, ಕಹಿಕಹಿ. ಅಂಥ ನೀರಲ್ಲಿ ಯಾವ ಬೇಳೇನೂ ಬೇಯಲ್ಲ. ಕೆರೆಯಿಂದ ತರೋಣ ಅಂದ್ರೆ ಅದು ಹರದಾರಿ ದೂರ, ಒಂಟಿ ಹೆಂಗಸು ಎಷ್ಟು ಕೊಡ ಅಂತ ಹೊರ್ತಾಳೆ? ಅವಳಿಗೆ ಅಳು ಬಂತು. ನೀರಿಗಾಗಿ ಅಲ್ಲ, ಕಾಡಿಗೆಗಾಗಿ.

ಆಮೇಲೆ ಅವಳು ಹುಚ್ಚೀರಪ್ಪನ ಹತ್ತಿರ ಹೋಗಿ, ಅಣ್ಣಾ, ನಿನ್ನ ಮನೆ ನೀನು ತಗೋ, ನನ್ನ ಎಮ್ಮೆ ಕೊಡು ಅಂದಳಂತೆ. ಅವನು, ಸಿಹಿ ಅಂದದ್ದು ನಿನ್ನ ಬಾಯಿ ತಾನೇ ನರಸಕ್ಕ, ನನ್ನ ಬಾಯಲ್ವಲ್ಲ ಅಂದನಂತೆ.

ಆ ಊರಲ್ಲಿ ಅಮಾವಾಸ್ಯೆಗೊಂದು ಸಲ ಚಾವಡೀಲಿ ನ್ಯಾಯ. ಮೊದಲನೇ ಅಮಾವಾಸ್ಯೆಗೆ ನರಸಕ್ಕ ಹೋಗಿ ಗೌಡರ ಮುಂದೆ ಕೈ ಮುಗಿದು ಇದ್ದದ್ದು ಇದ್ದಂಗೆ ಹೇಳಿದಳಂತೆ. ಗೌಡರು ಮೂರು ಹಿರೀಕರನ್ನ ಕೇಳಿದರು. ಅವರು ಸುಳ್ಳು ಹೇಳೋ ಜನ ಅಲ್ಲ. ನಾವೂ ಕುಡಿದ್ವಿ ಸ್ವಾಮಿ, ಸಿಹಿಯಾಗೇ ಇತ್ತು, ಇವಳೂ ಸಿಹಿ ಅಂದಳು ಅಂದರಂತೆ. ಗೌಡರು, ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಕಣಮ್ಮ ಅಂತ ಕಳಿಸಿಬಿಟ್ಟರಂತೆ. ಎರಡನೇ ಅಮಾವಾಸ್ಯೆಗೆ ಬೇಯದ ಬೇಳೆ ಗಡಿಗೇನೇ ತಲೆ ಮೇಲೆ ಹೊತ್ಕೊಂಡು ಹೋದಳಂತೆ. ಹುಚ್ಚೀರಪ್ಪ ಗಡಿಗೆಗೆ ಇಣುಕಿ ನೋಡಿ, ಹಳೇ ಬೇಳೆ, ಹಸಿ ಸೌದೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂದನಂತೆ. ಚಾವಡಿ ಎಲ್ಲಾ ಘೊಳ್ಳಂತ ನಕ್ಕಿತು. ಮೂರು ಬೀದಿಗೆ ತೊವ್ವೆ ಉಣಿಸಿದವಳಿಗೆ ಆ ಮಾತು ಹೇಗಾಗಿರಬೇಡ ಹೇಳು.

ಬರೋ ದಾರೀಲಿ ಹುಚ್ಚೀರಪ್ಪನ ಊರೊಳಗಿನ ಮನೆ, ಪಕ್ಕದಲ್ಲೇ ಕೊಟ್ಟಿಗೆ. ನರಸಕ್ಕ ಬೇಲಿ ಸಂದೀಲಿ ನೋಡಿದ್ರೆ ಕಾಡಿಗೆ ತುಂಬು ಹೊಟ್ಟೆ ಹೊತ್ಕೊಂಡು ನಿಂತಿತ್ತು, ಇವಳ ವಾಸನೆ ಹಿಡಿದು ಅಂಯ್ ಅಂತ ಕೂಗಿತು, ಹಗ್ಗ ಎಳೀತು. ಇನ್ನೊಂದು ತಿಂಗಳಿಗೆ ಕರು ಹಾಕುತ್ತೆ. ಈ ಕೈಗಳು ಇಲ್ಲದೆ ನನ್ನ ಎಮ್ಮೆ ಹೆಂಗೆ ಕರು ಹಾಕುತ್ತೋ ಅಂತ ನರಸಕ್ಕ ಬೇಲಿ ಹಿಡ್ಕೊಂಡು ಅತ್ತಳಂತೆ.

ಆಗ ಹಿಂದೆ ಯಾರೋ ಕೆಮ್ಮಿದ ಹಾಗಾಯ್ತು. ಯಾರು ಅಂದ್ರೆ ಸಾಕಜ್ಜಿ. ಚಾವಡಿ ಮೆಟ್ಟಿಲ ಮೇಲೆ ಹರಳು ಬೀಜ ಬಿಡಿಸ್ತಾ ಕೂತು ಕೂತು ನಲವತ್ತು ವರ್ಷದ ನ್ಯಾಯ ಕೇಳಿದ್ದವಳು. ಬಾಯಿಲ್ಲದವರ ಪರವಾಗಿ ಗೌಡರ ಮುಂದೆ ನಿಂತು ಮಾತಾಡೋಳು. ಬಾಯಲ್ಲಿ ಒಂದು ಹಲ್ಲಿಲ್ಲ, ನನ್ನ ಹಂಗೇ. ನಗಬೇಡ. ಸಾಕಜ್ಜಿ, ಮಗಳೇ, ನಿನ್ನ ಪರ ನಾನು ಮಾತಾಡ್ತೀನಿ, ಗೆದ್ದರೆ ಮೆತ್ತಗೆ ಬೆಂದ ತೊವ್ವೆ ಒಂದು ಬಟ್ಟಲು ಕೊಡು, ಸೋತರೆ ಏನೂ ಬೇಡ ಅಂದಳಂತೆ. ಆಮೇಲೆ, ಆವತ್ತು ನೀರು ಕುಡಿಯೋ ಮುಂಚೆ ಬಾಯಿಗೆ ಏನು ಹಾಕ್ಕೊಂಡಿದ್ದೆ ಅಂತ ಕೇಳಿದಳಂತೆ. ಏನೂ ಇಲ್ವಲ್ಲ ಅಜ್ಜಿ, ಒಂದು ಬೆಲ್ಲ ಅಷ್ಟೇ ಅಂತ ಹೇಳ್ತಾ ಹೇಳ್ತಾ ನರಸಕ್ಕ ಹಣೆ ಹಣೆ ಬಡ್ಕೊಂಡಳಂತೆ. ಅಯ್ಯೋ ನನ್ನ ದಡ್ಡತನವೇ! ಸಾಕಜ್ಜಿ ಅವಳ ಕೈ ಹಿಡಿದು, ಬಡ್ಕೋಬೇಡ, ಕೊಟ್ಟ ಬೆಲ್ಲ ತಿಂದದ್ದು ನಿನ್ನ ತಪ್ಪಲ್ಲ ಅಂದಳಂತೆ. ಅವನಿಗೂ ಗೊತ್ತಿಲ್ಲದೆ ಎಳನೀರು ಅಂದಿದ್ರೆ ಅದು ತಪ್ಪು ಮಾತು, ಅವನದ್ದು ಅವನಿಗೆ ನಿಂದು ನಿನಗೆ, ಅಲ್ಲಿಗೆ ಮುಗೀತು. ಸವುಳು ಅಂತ ಗೊತ್ತಿದ್ದೇ ಹೇಳಿದ್ರೆ ಅದು ಮೋಸ, ಅದಕ್ಕೆ ದಂಡ ಬೇರೆ. ಗೊತ್ತಿತ್ತು ಅಂತ ತೋರಿಸಬೇಕು, ಅದೂ ಅವನ ಕೈಲೇ ತೋರಿಸಬೇಕು ಅಂದಳಂತೆ.

ಮಲಗಿದ್ಯಾ? ಇಲ್ವಾ? ಸರಿ ಕೇಳು. ಮೂರನೇ ಅಮಾವಾಸ್ಯೆಗೆ ಸಾಕಜ್ಜಿ ಗೌಡರಿಗೆ ಅಡ್ಡ ಬಿದ್ದು, ಸ್ವಾಮಿ, ಬಾವಿ ನ್ಯಾಯ ಬಾವಿ ಹತ್ರಾನೇ ಆಗಲಿ ಅಂದಳಂತೆ. ಸುಡುಸುಡು ಮಧ್ಯಾಹ್ನ ಎಲ್ಲರೂ ಅಲ್ಲಿಗೆ ಬಂದು ಚಾಪೆ ಮೇಲೆ ಕೂತರಂತೆ. ನರಸಕ್ಕ ಕಣ್ಣೆದುರಿಗೇ ನೀರು ಸೇದಿ, ಹಿತ್ತಾಳೆ ಚೊಂಬಲ್ಲಿ ಕೊಟ್ಟಳಂತೆ. ಬೆಲ್ಲದ ತಟ್ಟೆ ಇಟ್ಟಿದ್ದಳು, ಆದ್ರೆ ಯಾರಿಗೂ ಕೊಡಲಿಲ್ಲ. ಗೌಡರು ಒಂದು ಗುಟುಕು ಕುಡಿದರು ನೋಡು, ಮುಖ ಹುಳ್ಳಗೆ ಮಾಡ್ಕೊಂಡು, ಮರ್ಯಾದೆಗೆ ನುಂಗೋದೋ ಉಗಿಯೋದೋ ತಿಳೀದೆ ಕೂತರಂತೆ. ಹಿರೀಕರು ಮೂವರೂ ಉಗಿದೇಬಿಟ್ಟರಂತೆ. ಇದು ಆವತ್ತಿನ ನೀರಲ್ಲ, ಆವತ್ತಿನ ನೀರಲ್ಲ ಅಂದರಂತೆ. ಹುಚ್ಚೀರಪ್ಪ ತಟ್ಟಂತ ಎದ್ದು, ಅದೇ ನಾನೂ ಹೇಳೋದು ಗೌಡ್ರೇ, ನಾನಿದ್ದಾಗ ದಿನಾ ಇದೇ ನೀರು ಕುಡೀತಿದ್ದೆ, ಎಳನೀರಿನ ಹಂಗಿತ್ತು, ಇವಳು ಬಂದ ಮೇಲೆ ಕೆಡಿಸಿದ್ದಾಳೆ ಅಂದನಂತೆ.

ಸಾಕಜ್ಜಿ ಜಗಳಕ್ಕೆ ಹೋಗಲಿಲ್ಲವಂತೆ. ಇರಬಹುದಪ್ಪಾ, ನೀನು ದಿನಾ ಕುಡಿದವನು, ನಿನಗೆ ಗೊತ್ತಿದ್ದಷ್ಟು ನಮಗೇನು ಗೊತ್ತು, ನೀನೇ ಒಂದು ಗುಟುಕು ಕುಡಿದು ಎಷ್ಟು ಕೆಟ್ಟಿದೆ ಅಂತ ಹೇಳು ಅಂತ ಚೊಂಬು ಅವನ ಕೈಗೆ ಕೊಟ್ಟಳಂತೆ. ಆಮೇಲೆ ನೋಡು. ಹುಚ್ಚೀರಪ್ಪನ ಎಡಗೈ ಚೊಂಬು ಹಿಡೀತು. ಬಲಗೈ ತನ್ನಷ್ಟಕ್ಕೆ ತಾನೇ, ಅವನನ್ನ ಒಂದು ಮಾತೂ ಕೇಳದೆ, ಬೆಲ್ಲದ ತಟ್ಟೆಗೆ ಹೋಯ್ತಂತೆ. ಅವನು ಎಷ್ಟು ಜನ ಕೊಳ್ಳೋರ ಮುಂದೆ ಆ ನೀರು ಕುಡಿದಿದ್ದನೋ, ಬೆಲ್ಲ ಇಲ್ಲದೆ ಗುಟುಕು ಇಳಿಯಲ್ಲ ಅಂತ ಆ ಕೈಗೆ ಅಷ್ಟು ಚೆನ್ನಾಗಿ ಗೊತ್ತಿತ್ತು.

ಬೆಲ್ಲ ಯಾಕಪ್ಪಾ ಅಂತ ಕೇಳಿದಳಂತೆ ಸಾಕಜ್ಜಿ, ಮೆತ್ತಗೆ.

ಪದ್ಧತಿ ಅಲ್ವಾ ಅಜ್ಜಿ ಅಂದನಂತೆ. ಪದ್ಧತಿ ಬಿಸಿಲಲ್ಲಿ ಬಂದ ನೆಂಟರಿಗೆ, ಮನೆ ನೀರನ್ನ ದಿನಾ ಕುಡಿಯೋನಿಗೆ ಯಾವ ಬೆಲ್ಲ ಅಂದರಂತೆ ಗೌಡರು. ಬೆಲ್ಲ ಅಲ್ಲೇ ಇಡು, ನೀರು ಕುಡಿ. ಹುಚ್ಚೀರಪ್ಪ ಚೊಂಬು ತುಟಿವರೆಗೆ ತಂದ, ಇಳಿಸಿದ, ಮತ್ತೆ ತಂದ, ಮತ್ತೆ ಇಳಿಸಿದ. ಮೂರನೇ ಸಲ ಚೊಂಬು ನೆಲಕ್ಕಿಟ್ಟು ತಲೆ ಬಗ್ಗಿಸಿದನಂತೆ. ಗೊತ್ತಿತ್ತು ಗೌಡ್ರೇ ಅಂದನಂತೆ.

ಆಮೇಲೆ ಗೌಡರು ತೀರ್ಪು ಹೇಳಿದರಂತೆ. ಹೊಲ ನರಸಕ್ಕನಿಗೆ, ಎಮ್ಮೆ ನರಸಕ್ಕನಿಗೆ. ಗೊತ್ತಿದ್ದೂ ಮೋಸ ಮಾಡಿದ್ದಕ್ಕೆ ಮನೆಯೂ ಅವಳಿಗೇ. ಅದೂ ಸಾಲದು ಅಂತ, ಬರೋ ಯುಗಾದಿವರೆಗೆ ದಿನಾ ಒಂದು ಗಾಡಿ ಕೆರೆ ನೀರು ಹುಚ್ಚೀರಪ್ಪನೇ ತಂದು ಅವಳ ಹಂಡೆ ತುಂಬಬೇಕು. ಇನ್ನು ಮೇಲೆ ಈ ಊರಲ್ಲಿ ವ್ಯಾಪಾರಕ್ಕೆ ಅಂತ ಬಂದವರಿಗೆ ಮೊದಲು ಬರೀ ನೀರು, ಬೆಲ್ಲ ಏನಿದ್ರೂ ವೀಳ್ಯ ಬದಲಾಯಿಸಿದ ಮೇಲೆ ಅಂತ ಡಂಗುರ ಹೊಡೆಸಿದರಂತೆ. ಹಿರೀಕರು ಮೂವರೂ ನರಸಕ್ಕನ ಮುಂದೆ ನಿಂತು, ತಪ್ಪಾಯ್ತು ತಾಯಿ ಅಂದರಂತೆ.

ಕಾಡಿಗೆ ಮನೆಗೆ ಬಂದ ಮೂರನೇ ದಿನಕ್ಕೆ, ನರಸಕ್ಕನ ಕೈಮೇಲೇ ಕರು ಹಾಕಿತಂತೆ. ಹೆಣ್ಣು ಕರು, ಹಣೇಲಿ ಬಿಳೀ ಬೊಟ್ಟು.

ತೀರ್ಪಿನ ಮಾರನೇ ದಿನಾನೇ ಹುಚ್ಚೀರಪ್ಪ ಮೊದಲನೇ ಗಾಡಿ ನೀರು ತಂದಿದ್ದನಂತೆ. ಬಿಸಿಲಿಗೆ ಮುಖ ಕೆಂಪಗಾಗಿತ್ತು, ನಾಚಿಕೆಗೂ ಇರಬಹುದು. ಹಂಡೆ ತುಂಬಿಸಿ, ತಲೆ ಎತ್ತದೆ ಹೊರಟವನನ್ನ ನರಸಕ್ಕ, ಅಣ್ಣಾ, ನಿಲ್ಲು ಅಂದಳಂತೆ. ಅದೇ ಹಂಡೆಯಿಂದ ಒಂದು ಚೊಂಬು ಕೆರೆ ನೀರು ಕೊಟ್ಟಳಂತೆ. ಅವನು ಕುಡಿದ, ಪೂರ್ತಿ ಕುಡಿದ. ಆಮೇಲೆ ಅವಳು ಅವನ ಅಂಗೈ ಮೇಲೆ ನಿಂಬೆಹಣ್ಣಿನ ಗಾತ್ರದ ಬೆಲ್ಲ ಇಟ್ಟಳಂತೆ. ಹುಚ್ಚೀರಪ್ಪ ಅದನ್ನ ಬಾಯಿಗೆ ಹಾಕ್ಕೊಳ್ಳೋಕೆ ಆಗದೆ, ಹಿಡ್ಕೊಂಡೇ ನಿಂತು ಅತ್ತುಬಿಟ್ಟನಂತೆ.

ಒಳಗೆ ಸಾಕಜ್ಜಿ, ಅಳೋರು ಅಳಲಿ, ನನ್ನ ತೊವ್ವೆ ಎಲ್ಲಿ ಅಂತ ಬಟ್ಟಲು ಬಡೀತಿದ್ದಳಂತೆ. ಬೇಳೆ ಬೆಂದು ಬೆಣ್ಣೆಯಾಗಿತ್ತು, ಅಜ್ಜಿ ಹೊಟ್ಟೆ ತುಂಬಿತು, ನನ್ನ ಕತೆಯೂ ಮುಗೀತು. ಕೂಸೇ... ನಿದ್ದೆ ಹೋಯ್ತಾ ಆಗಲೇ?