ನಾಲ್ಕು ವರ್ಷದ ಮಾತು

"ಆಯಿ, ನನ್ನ ಮಗಳು ದೊಡ್ಡಾಕಿ ಆದ ಮ್ಯಾಲೂ ಹಿಂಗ ಇರತಾಳೇನು?"

ಎದುರುಮನೆಯ ಸೊಸೆ ಸುರೇಖಾ ಕೇಳಿದಳು. ಮಗಳಿಗೆ ನಾಲ್ಕು ವರ್ಷ. ಹೆಸರು ಹಿಡಿದು ಕೂಗಿದರೆ ತಿರುಗುವುದಿಲ್ಲ. ಡಾಕ್ಟರು ಚೀಟಿಯಲ್ಲಿ ಆಟಿಸಂ ಎಂದು ಬರೆದಿದ್ದರು. ಮರುದಿನ ನಾದಿನಿಯ ಕೂಸಿನ ತೊಟ್ಟಿಲ ಕಾರ್ಯ. ಮಗಳನ್ನು ಒಳಕೋಣೆಯಲ್ಲಿ ಚಿಲಕ ಹಾಕಿ ಬಿಟ್ಟು ಬಾ ಎಂದು ಅತ್ತೆಯ ಅಪ್ಪಣೆ.

"ಬಾಗಲಾ ಮುಂದ ಮಾಡು," ಎಂದು ನಾನು ದನಿ ತಗ್ಗಿಸಿದೆ. "ಹತ್ತರ ಬಾ. ಇದನ್ನ ಯಾರ ಮುಂದೂ ಬಾಯಿ ಬಿಡಬ್ಯಾಡ. ನಿಮ್ಮ ಅತ್ತಿ ಮುಂದಂತೂ ಬ್ಯಾಡೇ ಬ್ಯಾಡ. ಮಂದಿ ಗುಟ್ಟು ನಾ ಹೇಳೂದು ಬ್ಯಾರೆ. ಇದು ನನ್ನ ಗುಟ್ಟು."

ಆಮೇಲೆ ಈ ಕತೆ ಹೇಳಿದೆ.

ಒಬ್ಬಳು ನೇಕಾರಗಿತ್ತಿ ಇದ್ದಳು. ಅವಳ ನೆರೆಮನೆಯಲ್ಲಿ ಒಬ್ಬಳು ಬಾಯಿಬಡಕಿ ಇದ್ದಳು. ಬಾಯಿಬಡಕಿ ಯಾರು ಅಂತ ಹುಡುಕಬೇಡ, ನಾನೇ. ಆಗ ನಮ್ಮ ಓಣಿಯಲ್ಲಿ ಹನ್ನೆರಡು ಮಗ್ಗ. ಲಾಳಿಯ ಸದ್ದು ನಿಂತರೆ ನಮಗೆ ಊಟ ಸೇರುತ್ತಿರಲಿಲ್ಲ. ಎಂಥ ದಿನಗಳು! ಮಗ್ಗಕ್ಕೆ ಏರಿದ ಸೀರೆಯ ಮೊದಲ ಗೇಣು ನೋಡಿದರೆ ಸಾಕು, ಇಡೀ ಸೀರೆ ಹೀಗೇ ಎಂದು ಹೇಳಿ ಎದ್ದು ಬರುವುದು ನಮ್ಮ ಹೆಂಗಸರ ಚಟ.

ನೇಕಾರಗಿತ್ತಿಯ ಮಗಳಿಗೂ ಆಗ ನಾಲ್ಕು ವರ್ಷ. ಮಾತಿಲ್ಲ. ಮಗ್ಗದ ಪಕ್ಕ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ಸದ್ದು ಕೇಳುವಳು. ವಾಲಗದವರು ಬಂದರೆ ಕಿವಿ ಮುಚ್ಚಿ ಚೀರುವಳು. ಅರಿಶಿನ ಕುಂಕುಮಕ್ಕೆ ಹೋದ ದಿನ ಹಾಗೇ ಚೀರಿದಳು. ನಾನು ಹೊಸ್ತಿಲಲ್ಲೇ ನಿಂತು ಎಲ್ಲರಿಗೂ ಕೇಳುವಂತೆ ಅಂದೆ: "ಈ ಕೂಸಿನ ತಲ್ಯಾಗ ಏನೂ ಇಲ್ಲ. ಸಾಯೂತನಕ ಹಿಂಗ."

ಸಂಜೆಯೊಳಗೆ ಮಾತು ಹನ್ನೆರಡು ಮಗ್ಗ ಸುತ್ತಿ ಬಂತು. ಅಂದಿನಿಂದ ಆ ಹುಡುಗಿಯನ್ನು ಯಾರೂ ಯಾವ ಕಾರ್ಯಕ್ಕೂ ಕರೆಯಲಿಲ್ಲ.

ನೇಕಾರಗಿತ್ತಿ ಒಂದೇ ಸಲ ನನಗೆ ಹೇಳಿದಳು: "ಏನೂ ಇಲ್ಲ ಅನಬ್ಯಾಡ್ರಿ. ತಲ್ಯಾಗ ನರದ ಎಳಿ ಹೆಚ್ಚಾಗ್ಯಾವಂತ. ಉಳಿದವರ ತಲಿ ಬೆಳಕೋತ ಬ್ಯಾಡಾದ ಎಳಿ ಕತ್ತರಿಸಿ ಒಗೀತದ, ಈಕೀದು ನಿಧಾನ. ಆದರ ನೇಯೂದು ನಿಂದ್ರೂದಿಲ್ಲಂತ, ಡಾಕ್ಟರು ಅಂದ್ರು."

ನಾನು ನಕ್ಕೆ. ಅದನ್ನೂ ನಾಲ್ಕು ಮನೆಗೆ ಹೇಳಿ ನಗಿಸಿದೆ.

ಎಂಟನೆಯ ವರ್ಷಕ್ಕೆ ಹುಡುಗಿ 'ಲಾಳಿ' ಎಂದಳು. ಹದಿನೈದಕ್ಕೆ ಕೊಂಡಿ ಹಾಕಲು ಕೂತಳು. ಸೆರಗಿನ ಒಂದೊಂದು ಎಳೆಯನ್ನೂ ಒಡಲಿನ ಎಳೆಗೆ ಕೊಂಡಿ ಹಾಕಿ ಜೋಡಿಸಬೇಕು. ಒಂದು ತಪ್ಪಿದರೆ ಸೆರಗು ಸೊಟ್ಟ. ಇಪ್ಪತ್ತಕ್ಕೆ ಬಂದವರಿಗೆ "ಬರ್ರಿ" ಅನ್ನಲು ಕಲಿತಳು. ವಾಲಗಕ್ಕೆ ಈಗಲೂ ಆಗದು, ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾಳೆ. ಇದೆಲ್ಲ ಬೇಲಿಯಾಚೆಯೇ ನಡೆಯಿತು. ನಾನು ನೋಡಲಿಲ್ಲ. ನನ್ನ ಹತ್ತಿರ ಕತೆ ತಯಾರಿತ್ತಲ್ಲ.

ಓಣಿಯಲ್ಲಿ ಮಗ್ಗಗಳು ಒಂದೊಂದಾಗಿ ನಿಂತವು. ಕೊನೆಗೆ ನೇಕಾರಗಿತ್ತಿಯದೊಂದೇ ಉಳಿಯಿತು. ಅವಳ ಕಣ್ಣಿಗೆ ಪೊರೆ ಬಂತು. ಕೊಂಡಿಯೆಲ್ಲ ಮಗಳ ಕೈಗೆ ಬಂತು. ಒಂದು ದಿನ ಪರವೂರಿನ ಮದುವೆಮನೆಯ ಬೀಗರು ಸೀರೆ ಹೇಳಲು ಬಂದರು. ಹೊಸಬರ ಮುಖ ಕಂಡರೆ ನನಗೆ ತಡೆಯುತ್ತದೆಯೇ? ಹಿಂದೆಯೇ ಹೋದೆ.

"ಮದುವಿ ಸೀರಿ ಈಕಿ ಕೈಯಾಗ ಕೊಡತೀರೇನ್ರಿ?" ಅಂದೆ. "ಈ ಕೂಸಿನ ತಲ್ಯಾಗ ಏನೂ ಇಲ್ಲ. ಸಾಯೂತನಕ ಹಿಂಗ."

ಬೀಗಿತ್ತಿ ಎದ್ದು ನಿಂತಳು. ನೇಕಾರಗಿತ್ತಿ ಗೋಡೆ ಹಿಡಿದಳು. ಈ ಸೀರೆ ಹೋದರೆ ಆ ಮಗ್ಗವೂ ನಿಂತಂತೆಯೇ.

ಮಗಳ ಕೈ ನಿಲ್ಲಲಿಲ್ಲ. ಹಿಡಿದ ಸಾಲು ಮುಗಿಸಿದಳು. ಆಮೇಲೆ ತಲೆ ಎತ್ತಿ, ನನ್ನ ಕಣ್ಣು ನೋಡದೆ, ಮೂಗುಬೊಟ್ಟು ನೋಡುತ್ತ ಮಾತಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಎಳೆ ಎಣಿಸುವವರ ದನಿ ಅದು. ಬೀಗಿತ್ತಿ ಅದನ್ನು ಕೇಳಿ ಮತ್ತೆ ಕೂತಳು, ಸೀರೆಯ ಬಣ್ಣ ಹೇಳತೊಡಗಿದಳು. ನಾನು ಚಪ್ಪಲಿ ಅಲ್ಲೇ ಬಿಟ್ಟು ಮನೆಗೆ ಬಂದೆ.

"ಏನಂದಳು ಆಯಿ?" ಎಂದಳು ಸುರೇಖಾ.

ಹೇಳಿದೆ. ನೇಕಾರಗಿತ್ತಿಯ ಮಗಳು ಅಂದದ್ದು ಅಂದ ಹಾಗೇ:

"ಅವತ್ತು ಮಂಗಳವಾರ, ನೀವು ಹಸಿರು ಸೀರಿ ಉಟ್ಟಿದ್ರಿ, ನನಗ ನಾಕು ವರ್ಷ, ಈಗ ನನಗ ಮೂವತ್ತು ಆತು ಆಯಿ, ನಿಮ್ಮ ಮಾತಿಗೆ ಇನ್ನೂ ನಾಕ ಅದ."