ಹುಲಿಗೆ ಬಿಟ್ಟ ದಾರಿ

ಶಿಷ್ಯೆ ಕೇಳಿದಳು: "ಗುರುಗಳೇ, ಗೆಳತಿಗೆ ಒಳ್ಳೆಯದಾದರೆ ನನಗೆ ಮೊದಲು ಹೊಟ್ಟೆಕಿಚ್ಚು ಬರುತ್ತದೆ. ಆಮೇಲೆ ಸಾವರಿಸಿಕೊಂಡು ನಗುತ್ತೇನೆ. ಮೊದಲು ಬಂದದ್ದೇ ನಿಜವಾದ ನಾನು, ನಗುವುದು ಬರೀ ನಟನೆ ಅಲ್ಲವೇ?"

ಗುರು ಹೇಳಿದರು:

ಒಬ್ಬ ಬಟ್ಟೆ ವರ್ತಕನಿದ್ದ. ದಿನವೂ ಸಂಜೆ ಹೆಂಡತಿಯೊಡನೆ ಹುಲಿ-ಕುರಿ ಆಟಕ್ಕೆ ಕೂರುತ್ತಿದ್ದ. ಹುಲಿ ಅವನದು, ಕುರಿಗಳು ಅವಳವು. ಕುರಿಗಳೆಲ್ಲ ಸೇರಿ ಹುಲಿಗೆ ದಾರಿಯಿಲ್ಲದಂತೆ ಕಟ್ಟಿಹಾಕಿದರೆ ಅವಳ ಗೆಲುವು. ಮದುವೆಯಾಗಿ ಮೂವತ್ತು ವರ್ಷವಾದರೂ, ಅವನಿಗೆ ನೆನಪಿರುವ ಮಟ್ಟಿಗೆ, ಅದು ಆಗಿರಲಿಲ್ಲ. ತನ್ನಂಥ ಹುಲಿ ಊರಲ್ಲಿಲ್ಲ ಎಂದು ಅವನು ಗಿರಾಕಿಗಳಿಗೂ ಹೇಳುತ್ತಿದ್ದ.

ಒಮ್ಮೆ ಅವನು ಪರದೇಶದಿಂದ ಅದೇ ಆಟದ ಹೊಸ ಯಂತ್ರ ತಂದ. ತಲೆಗೆ ಪಟ್ಟಿ ಕಟ್ಟಿಕೊಂಡರೆ ಸಾಕು, ಅದು ಮಿದುಳಿನ ಅಲೆಗಳನ್ನು ಓದುತ್ತಿತ್ತು. ಮನಸ್ಸಿಗೆ ಮೊದಲು ಹೊಳೆದ ನಡೆಯನ್ನು ತಾನೇ ಪರದೆಯ ಮೇಲೆ ಆಡಿಬಿಡುತ್ತಿತ್ತು. ಕೈ ಹಾಕುವಂತಿಲ್ಲ, ಹಿಂದೆ ತೆಗೆಯುವಂತಿಲ್ಲ.

ಇಬ್ಬರೂ ಪಟ್ಟಿ ಕಟ್ಟಿಕೊಂಡು ಕೂತರು. ಮೊದಲ ಆಟದಲ್ಲಿ ಕುರಿಗಳು ಹುಲಿಯನ್ನು ಕಟ್ಟಿಹಾಕಿದವು. ಎರಡನೆಯದರಲ್ಲೂ ಅಷ್ಟೇ. ಮೂರನೆಯದು ಕಾಫಿ ಆರುವ ಮೊದಲೇ ಮುಗಿಯಿತು.

"ಯಂತ್ರ ಕೆಟ್ಟಿದೆ" ಎಂದ ವರ್ತಕ.

"ಕೆಟ್ಟಿಲ್ಲ ಕಣ್ರೀ. ಅದಕ್ಕೆ ಸ್ವಲ್ಪ ಅವಸರ, ಅಷ್ಟೇ."

ಅವನಿಗೆ ತಿಳಿಯಿತು. ಪಟ್ಟಿ ಕಿತ್ತಿಟ್ಟ. "ಅಂದರೆ ಇಷ್ಟು ವರ್ಷ ಬೇಕಂತಲೇ ಸೋತೆಯಾ? ನನ್ನ ಗೆಲುವೆಲ್ಲ ಸುಳ್ಳೇನೇ?"

"ಮದುವೆಯಾದ ವಾರ ಒಂದು ಸಲ ಸೋತಿದ್ದಿರಿ. ಅವತ್ತು ಸಾರಿಗೆ ಉಪ್ಪಿಲ್ಲ, ಅನ್ನ ಬೆಂದಿಲ್ಲ, ನಮ್ಮಪ್ಪ ಕೊಟ್ಟ ಉಂಗುರ ಬಿಗಿ ಅಂತ ರಾತ್ರಿಯಿಡೀ ಗೊಣಗಿದಿರಿ. ನಾನೂ ನೆಮ್ಮದಿಯಾಗಿ ಊಟ ಮಾಡಬೇಕಲ್ಲ?"

ವರ್ತಕ ಮೂರು ಸಂಜೆ ಆಟಕ್ಕೆ ಕೂರಲಿಲ್ಲ. ಇಬ್ಬರಿಗೂ ಹೊತ್ತು ಹೋಗಲಿಲ್ಲ. ಇನ್ನು ಜೊತೆಗೆ ಆಡುವುದೇ ಮುಗಿಯಿತೇನೋ ಎಂದು ಅವಳಿಗೆ ಅಳುಕಾಯಿತು. ನಾಲ್ಕನೆಯ ಸಂಜೆ ಅವನೇ ಹಳೆಯ ಮರದ ಹಲಗೆ ಹಾಸಿದ.

ಆಟ ನಡೆಯಿತು. ಹುಲಿಗೆ ಉಳಿದದ್ದು ಒಂದೇ ದಾರಿ. ಅದನ್ನು ಮುಚ್ಚಬಲ್ಲ ಕುರಿಯ ಮೇಲೆ ಅವಳ ಬೆರಳು ಹೋಯಿತು. ಅಲ್ಲೇ ನಿಂತಿತು. ಆಮೇಲೆ ಪಕ್ಕದ ಕುರಿಯನ್ನು ಸರಿಸಿತು. ಮೂವತ್ತು ವರ್ಷ ಹಲಗೆಯನ್ನೇ ನೋಡಿದವನು ಅಂದು ಅವಳ ಕೈಯನ್ನು ನೋಡಿದ. ಹುಲಿ ಹಾರಿತು. ಮುಂದಿನ ಆಟಕ್ಕೆ ಅವಳ ಕುರಿಗಳನ್ನು ಅವನೇ ಎಣಿಸಿ ಅವಳ ಕೈಗಿಟ್ಟ.

"ಆದರೂ ಗುರುಗಳೇ," ಎಂದಳು ಶಿಷ್ಯೆ, "ಯಂತ್ರ ತೋರಿಸಿದ್ದೇ ತಾನೇ ಅವಳ ನಿಜವಾದ ಮನಸ್ಸು?"

ಗುರು ಹೇಳಿದರು: "ಮೊದಲ ಯೋಚನೆ ಮೂರು ಆಟ ಗೆದ್ದಿತು, ಎರಡನೆಯದು ಮೂವತ್ತು ವರ್ಷ ಸಂಸಾರ ಮಾಡಿತು."