ನಾಲಿಗೆ ಬೇಡದ ಪಾನಕ

ಪೂಜ್ಯ ನೀಲಾಂಬಿಕೆ ತಾಯಿಯವರು ಬೇಸಿಗೆಯ ಮೂರು ತಿಂಗಳು ಮಠದೊಳಗೆ ಕೂರುತ್ತಿರಲಿಲ್ಲ. ಗದಗಿನ ದಾರಿಯ ಬೇವಿನ ಮರದಡಿ ಗರಿಯ ಚಪ್ಪರ ಹಾಕಿಸಿ ದಾರಿಹೋಕರಿಗೆ ಅರವಟ್ಟಿಗೆ ನಡೆಸುತ್ತಿದ್ದರು. ಅಲ್ಲಿ ಕೊಡುತ್ತಿದ್ದುದು ದಾಸವಾಳ, ತುಳಸಿ, ಲಾವಂಚದ ಪಾನಕ. ಕುಡಿದವರು ಇನ್ನೊಂದು ಹನಿ ಉಳಿದಿದೆಯೇ ಎಂದು ಲೋಟದೊಳಗೆ ಇಣುಕದೆ ಕೆಳಗಿಡುತ್ತಿರಲಿಲ್ಲವಂತೆ.

ಒಂದು ಮುಂಜಾನೆ ಅಲ್ಲಿಗೆ ಗುರುಪಾದಪ್ಪನವರು ಬಂದರು. ಸುತ್ತಲಿನ ಊರುಗಳ ಮದುವೆಗಳಲ್ಲಿ ಮೂವತ್ತು ವರ್ಷ ಅಡಿಗೆ ಮಾಡಿ ಸೈ ಎನಿಸಿಕೊಂಡವರು. ಹಿಂದಿನ ಮಳೆಗಾಲದ ಜ್ವರವೊಂದು ಅವರ ನಾಲಿಗೆಯ ರುಚಿಯನ್ನೇ ಒಯ್ದಿತ್ತು. ಅದನ್ನು ಮುಚ್ಚಿಟ್ಟು ಒಂದು ಮದುವೆಗೆ ಹೋದರು. ಸಾರಿನ ಉಪ್ಪು ನಾಲಿಗೆಗೆ ಹತ್ತಲಿಲ್ಲವೆಂದು ಮತ್ತೆ ಮತ್ತೆ ಸುರಿದರು. ಇಡೀ ಪಂಕ್ತಿ ಊಟ ಬಿಟ್ಟು ಎದ್ದಿತು. ಅಂದಿನಿಂದ ಅವರು ಸೌಟು ಮುಟ್ಟಿರಲಿಲ್ಲ.

ಅಡಿಗೆಯವನ ನಾಲಿಗೆಯನ್ನೇ ಕಿತ್ತುಕೊಳ್ಳುವ ದೇವರು ಎಂಥವನು ಎಂದು ಅವರು ತಾಯಿಯವರನ್ನು ನೇರವಾಗಿ ಕೇಳಿದರು. ನಮ್ಮಂಥವರಾಗಿದ್ದರೆ ಅಲ್ಲೇ ಪೂರ್ವಜನ್ಮದ ಗಂಟು ಬಿಚ್ಚಿ ಉಪದೇಶಕ್ಕೆ ಕೂರುತ್ತಿದ್ದೆವು. ತಾಯಿಯವರು ದಾಸವಾಳದ ಬುಟ್ಟಿಯನ್ನು ಅವರತ್ತ ಸರಿಸಿದರು.

“ಇವತ್ತಿನ ಪಾನಕ ನೀವು ಮಾಡ್ರಿ.”

ಗುರುಪಾದಪ್ಪನವರು ಹೌಹಾರಿದರು. ನಾನು ಮಾಡಿದ್ದನ್ನು ಜನ ಉಗುಳುವುದನ್ನು ಇನ್ನೊಮ್ಮೆ ನೋಡಲಾರೆ ಎಂದರು. ತಾಯಿಯವರು ಆಗಲೇ ಒಲೆ ಊದುತ್ತಿದ್ದರು. ವಿಧಿಯಿಲ್ಲದೆ ಗುರುಪಾದಪ್ಪನವರು ಕುಳಿತು ಹೂವಿನ ತೊಟ್ಟು, ಕೇಸರ ತೆಗೆದು ಎಸಳು ಬಿಡಿಸಿದರು. ಕುದಿಸಿ ಇಳಿಸಿದ ನೀರಿಗೆ ಎಸಳು, ತುಳಸಿ ಹಾಕಿ ಮುಚ್ಚಿಟ್ಟರು. ಸೋಸಿದಾಗ ಅದು ಮಂಕು ನೇರಳೆಯಾಗಿತ್ತು. ಲಾವಂಚ ನೆನೆಸಿದ ಗಡಿಗೆಯ ತಣ್ಣೀರು ಬೆರೆಸಿ, ಮುಷ್ಟಿಯ ಅಂದಾಜಿನಲ್ಲಿ ಕಲ್ಲುಸಕ್ಕರೆ ಕರಗಿಸಿ, ನಿಂಬೆ ಹಿಂಡಿದರು. ನೇರಳೆ ನೀರು ಕಣ್ಣೆದುರೇ ಕೆಂಪಗೆ ಬೆಳಗಿತು. ಕೆಂಪು ತಕ್ಕಷ್ಟಾದಾಗ ಹಿಂಡುವ ಕೈ ತಾನಾಗಿ ನಿಂತಿತು. ಆದರೂ ಹಳೆಯ ರೂಢಿಯಂತೆ ಸೌಟು ತುಟಿಯ ಹತ್ತಿರ ಹೋಯಿತು. ತಾಯಿಯವರು ಅವರ ಮಣಿಕಟ್ಟು ಹಿಡಿದರು.

“ಮಠದ ಗದ್ದುಗಿಗೆ ಎಡಿ ಆಗೂತನಕ ಇಲ್ಲಿ ಯಾರೂ ರುಚಿ ನೋಡೂದಿಲ್ಲರಿ. ಇಪ್ಪತ್ತು ವರ್ಷದಾಗ ನಾನೂ ನೋಡಿಲ್ಲ. ನಿಮ್ಮ ಕೈಗೆ ಗೊತ್ತೈತಿ, ಬಿಡ್ರಿ.”

ಗುರುಪಾದಪ್ಪನವರು ಸೌಟು ಹಿಡಿದಂತೆಯೇ ಕುಳಿತುಬಿಟ್ಟರು. ಆ ಮದುವೆಯ ದಿನವೂ ಕೈ ಮೊದಲ ಸಲ ಹಾಕಿದ ಉಪ್ಪು ಸರಿಯಾಗಿಯೇ ಇತ್ತು. ನಾಲಿಗೆಯ ಮಾತು ಕೇಳಿ ಕೆಡಿಸಿದ್ದು ತಾವೇ ಎಂಬುದು ಅವರಿಗೆ ಆಗ ಹೊಳೆಯಿತು.

ಮಠದೊಳಗಿನ ಗುರುಗಳ ಗದ್ದುಗೆಗೆ ಪಾನಕದ ಎಡೆಯಾಯಿತು. ಮೊದಲು ಬಂದವರು ಬಳೆ ಮಾರುವ ಹುಸೇನಬಿ. ಬಳೆಯ ಮಲಾರ ಇಳಿಸಿ, ಲೋಟವನ್ನು ಒಂದೇ ಉಸಿರಿಗೆ ಬರಿದು ಮಾಡಿದರು. ಗುರುಪಾದಪ್ಪನವರು ಅವರ ಮುಖವನ್ನೇ ನೋಡುತ್ತಿದ್ದರು. ಹುಸೇನಬಿ ಕಣ್ಣು ಮುಚ್ಚಿ, ನಕ್ಕು, ಲೋಟವನ್ನು ಮತ್ತೆ ಮುಂದೆ ಚಾಚಿದರು. ಆಮೇಲೆ ಗಾಡಿಯವರು ಬಂದರು, ಸಂತೆಗೆ ಹೊರಟ ಹೆಂಗಸರು ಬಂದರು. ಬಡಿಸುತ್ತ ಬಡಿಸುತ್ತ ಗುರುಪಾದಪ್ಪನವರ ಹಳೆಯ ಗತ್ತು ಮರಳಿತು. ಸಾಲು ತಪ್ಪಿದವರನ್ನು ಗದರಿಸುವಷ್ಟು ಮರಳಿತು ಎನ್ನುತ್ತಾರೆ.

ಮಧ್ಯಾಹ್ನಕ್ಕೆ ಹಂಡೆ ಬರಿದಾಯಿತು; ಮಾಡಿದವರಿಗೆಂದು ಒಂದು ಗುಟುಕೂ ಉಳಿಯಲಿಲ್ಲ. ಪಾನಕ ಹೇಗಾಗಿತ್ತು ಎಂದು ತಾಯಿಯವರು ನಗುತ್ತ ವಿಚಾರಿಸಿದರು.

ಗುರುಪಾದಪ್ಪನವರ ಕಣ್ಣು ತುಂಬಿತ್ತು, ಮುಖ ಅರಳಿತ್ತು.

“ಭಾಳ ರುಚಿ ಆಗಿತ್ತರಿ, ತಾಯಿ” ಎಂದರು.